ಬಲಗಾಲಿಗೆ ತಾಗುವ ಬಿಸಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಾನು ತುಮಕೂರಿನವನು, ವಯಸ್ಸು 52. ಎರಡು ವರ್ಷದ ಹಿಂದೆ ಕೊಂಡ 400 ಸಿಸಿಯ, ಇಂಜಿನ್ನನ್ನು ತಂಪಾಗಿಡುವ ಕೂಲೆಂಟ್ ದ್ರವ ಇರುವ ಸಿಂಗಲ್ ಸಿಲಿಂಡರ್ ಟೂರಿಂಗ್ ಬೈಕ್ ನನ್ನಲ್ಲಿದೆ. ಹೆದ್ದಾರಿಯಲ್ಲಿ ಯಾವ ತೊಂದರೆಯೂ ಇಲ್ಲ. ಬಿ.ಎಚ್. ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಮಾತ್ರ ಫ್ಯಾನ್ ಜೋರಾಗಿ ತಿರುಗಿ ಬಲಗಾಲಿನ ಮೀನಖಂಡ ಬೆಂದಂತಾಗುತ್ತದೆ. ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆಸಿಬಿಡಿ ಎಂದರು, ಇನ್ನೊಬ್ಬರು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿ ಎಂದರು, ಗೆಳೆಯರೊಬ್ಬರು ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿಸಿ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಮನೆಯವರನ್ನು ಹಿಂದೆ ಕೂರಿಸಿಕೊಂಡು ಹಂಪಿಗೆ ಹೋಗುವ ಯೋಚನೆಯಿದೆ. ಅವರಿಗೆ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಏನು ಮಾಡುವುದು ಒಳ್ಳೆಯದು?

ಉತ್ತರ: ಹೆದ್ದಾರಿಯಲ್ಲಿ ತೊಂದರೆಯಿಲ್ಲ, ಫ್ಯಾನ್ ತಿರುಗಿದಾಗ ಕಾಲು ಸುಡುತ್ತದೆ ಎಂದು ನೀವು ಬರೆದಿರುವ ಮಾತಿನಲ್ಲಿಯೇ ಅರ್ಧ ಉತ್ತರವಿದೆ. ಇಂಜಿನ್ ಮಿತಿಮೀರಿ ಕಾಯುವುದು ಬೇರೆ, ಸವಾರನಿಗೆ ಬಿಸಿ ತಾಗುವುದು ಬೇರೆ. ಕೂಲೆಂಟ್ ಇರುವ ಬೈಕಿನಲ್ಲಿ ಇಂಜಿನ್ ತನ್ನ ಶಾಖವನ್ನು ಸರಿಯಾಗಿ ಹೊರಹಾಕುತ್ತಿರುವ ಹೊತ್ತಿನಲ್ಲಿಯೇ ಕಾಲಿಗೆ ಹೆಚ್ಚು ಬಿಸಿ ಬಡಿಯುತ್ತದೆ. ಫ್ಯಾನ್ ಕೆಟ್ಟು ನಿಂತು ಇಂಜಿನ್ ಒಳಗೊಳಗೇ ಬೇಯುತ್ತಿರುವಾಗ ಕಾಲಿಗೆ ಅಷ್ಟಾಗಿ ತಿಳಿಯದೆಯೂ ಹೋಗಬಹುದು. ಆದ್ದರಿಂದ ಕಾಲು ಹೇಳಿದ್ದನ್ನಷ್ಟೇ ನಂಬಿ ಇಂಜಿನ್ನಿಗೆ ಕೈ ಹಾಕಬಾರದು. ನಿಮಗೆ ಬಂದಿರುವ ಮೂರು ಸಲಹೆಗಳಲ್ಲಿ ಮೊದಲ ಎರಡು ಈ ತಪ್ಪನ್ನೇ ಮಾಡುತ್ತವೆ.

ಎಷ್ಟು ಶಾಖದ ಮಾತನ್ನು ನಾವು ಆಡುತ್ತಿದ್ದೇವೆ ಎಂಬುದನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಗಂಟೆಗೆ 90 ಕಿ.ಮೀ. ವೇಗದಲ್ಲಿ ನಿಮ್ಮ ಬೈಕ್ ಲೀಟರಿಗೆ 30 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಂಡರೆ ಗಂಟೆಗೆ 3 ಲೀಟರ್ ಪೆಟ್ರೋಲ್ ಉರಿಯುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿರುವುದರಿಂದ ಇದು ಹತ್ತಿರ ಹತ್ತಿರ 27 ಕಿಲೋವ್ಯಾಟ್ ಆಗುತ್ತದೆ. ಇದರಲ್ಲಿ ಚಕ್ರಕ್ಕೆ ತಲುಪುವುದು ಕಾಲು ಭಾಗ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಉಳಿದ 19–20 ಕಿಲೋವ್ಯಾಟ್ ಶಾಖವಾಗಿ ಸೈಲೆನ್ಸರ್, ಕೂಲೆಂಟನ್ನು ತಣ್ಣಗಾಗಿಸುವ ರೇಡಿಯೇಟರ್ ಮತ್ತು ಇಂಜಿನ್ನಿನ ಮೈ ಮೂಲಕ ಹೊರಗೆ ಹೋಗಲೇಬೇಕು. ಮನೆಯ ಸ್ನಾನದ ಗೀಸರ್ 2 ಕಿಲೋವ್ಯಾಟಿನದಾದರೆ, ಅಂಥ ಒಂಬತ್ತು ಹತ್ತು ಗೀಸರುಗಳು ನಿಮ್ಮ ಎರಡು ಮೊಣಕಾಲುಗಳ ನಡುವೆ ಒಟ್ಟಿಗೆ ಉರಿಯುತ್ತಿರುವಷ್ಟು ಶಾಖ ಅದು. ಹೆದ್ದಾರಿಯಲ್ಲಿ ಅದು ತಿಳಿಯದಿರುವುದಕ್ಕೆ ಕಾರಣ, ಎದುರುಗಾಳಿ ಅದನ್ನು ಹುಟ್ಟಿದಲ್ಲಿಂದಲೇ ಹಿಂದಕ್ಕೆ ಹೊತ್ತೊಯ್ಯುವುದು. ಟೌನ್‌ಹಾಲ್ ವೃತ್ತದಲ್ಲಿ ನಿಂತಾಗ ಹುಟ್ಟುವ ಶಾಖ ಇದರ ಒಂದು ಸಣ್ಣ ಪಾಲು ಮಾತ್ರ, ಆದರೆ ಅದನ್ನು ಹೊರುವ ಗಾಳಿಯಿಲ್ಲ. ಆಗ ಫ್ಯಾನ್ ರೇಡಿಯೇಟರಿನ ಮುಂದಿನ ಗಾಳಿಯನ್ನು ಎಳೆದು ಹಿಂದಕ್ಕೆ ಎಸೆಯುತ್ತದೆ, ಹಿಂದೆ ಇರುವುದು ನಿಮ್ಮ ಕಾಲು. ಬಹಳಷ್ಟು ಸಿಂಗಲ್ ಸಿಲಿಂಡರ್ ಬೈಕುಗಳಲ್ಲಿ ಬೆಂಡ್ ಪೈಪ್ ಸಹ ಬಲಗಡೆಯಿಂದಲೇ ಇಳಿಯುವುದರಿಂದ ಬಲಗಾಲಿಗೆ ಎರಡು ಕಡೆಯ ಬಿಸಿ ಸೇರುತ್ತದೆ.

ಇಂಜಿನ್ ಆರೋಗ್ಯವಾಗಿದೆಯೇ ಎಂಬುದನ್ನು ನೀವೇ ಪರೀಕ್ಷಿಸಬಹುದು. ಬಯಲಿನಲ್ಲಿ ಬೈಕನ್ನು ಸೆಂಟರ್ ಸ್ಟ್ಯಾಂಡ್ ಅಥವಾ ಪ್ಯಾಡಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿ ಸ್ಟಾರ್ಟ್ ಮಾಡಿ, ಮೀಟರಿನಲ್ಲಿರುವ ಉಷ್ಣದ ಗೆರೆಗಳನ್ನು ನೋಡುತ್ತಿರಿ. ಗೆರೆಗಳು ಏರುತ್ತಾ ಹೋಗಿ ಕೂಲೆಂಟ್ ಸುಮಾರು 100 ಡಿಗ್ರಿಯ ಆಸುಪಾಸಿಗೆ ಬಂದಾಗ ಫ್ಯಾನ್ ಶುರುವಾಗಬೇಕು, ಕೆಲವು ನಿಮಿಷಗಳಲ್ಲಿ ಉಷ್ಣ ಇಳಿದು ಫ್ಯಾನ್ ನಿಲ್ಲಬೇಕು, ಮತ್ತೆ ಏರಿದಾಗ ಮತ್ತೆ ಶುರುವಾಗಬೇಕು. ಈ ಏರಿಳಿತ ನಡೆಯುತ್ತಿದ್ದರೆ ತಂಪಿನ ವ್ಯವಸ್ಥೆ ತನ್ನ ಕೆಲಸವನ್ನು ಮಾಡುತ್ತಿದೆ, ಎಚ್ಚರಿಕೆಯ ದೀಪ ಬಾರದಿರುವವರೆಗೂ ಫ್ಯಾನಿನ ಸದ್ದಿಗೆ ಹೆದರಬೇಕಾಗಿಲ್ಲ. ಫ್ಯಾನ್ ತಿರುಗುತ್ತಲೇ ಇದ್ದು ಗೆರೆಗಳು ಏರುತ್ತಲೇ ಹೋದರೆ, ಅಥವಾ ಗೆರೆಗಳು ಏರಿದರೂ ಫ್ಯಾನ್ ಅಲುಗದಿದ್ದರೆ, ಆಗ ಮಾತ್ರ ಇಂಜಿನ್ನಿನ ಕಡೆ ದೋಷ ಹುಡುಕಬೇಕು. ಎರಡನೆಯ ಸಂದರ್ಭದಲ್ಲಿ ಮೊದಲು ನೋಡಬೇಕಾದದ್ದು ಫ್ಯಾನಿನ ಫ್ಯೂಸ್ ಮತ್ತು ಅದರ ವೈರಿನ ಕನೆಕ್ಟರ್. ಧೂಳು, ನೀರು ಸೇರಿ ಅಲ್ಲಿ ತುಕ್ಕು ಹಿಡಿದಿರುವುದನ್ನು ನಾನು ಮೇಲಿಂದ ಮೇಲೆ ನೋಡುತ್ತಿರುತ್ತೇನೆ.

ಎರಡು ವರ್ಷದ ಬೈಕ್ ಎಂದಿದ್ದೀರಿ, ಆದ್ದರಿಂದ ಕೂಲೆಂಟ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೂಲೆಂಟ್ ಎಂದರೆ ಎಥಿಲೀನ್ ಗ್ಲೈಕಾಲ್, ಡಿಸ್ಟಿಲ್ಡ್ ವಾಟರ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ಅರ್ಧಕ್ಕರ್ಧ ಬೆರೆಸಿದ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದಲ್ಲಿರುವ ಸ್ಪ್ರಿಂಗ್ ಸುಮಾರು 1 ಬಾರ್ ಒತ್ತಡವನ್ನು ಒಳಗೆ ಹಿಡಿದಿಡುವುದರಿಂದ ಅದೇ ಮಿಶ್ರಣ 125 ಡಿಗ್ರಿಯ ಹತ್ತಿರದವರೆಗೂ ಕುದಿಯದೆ ತಾಳಿಕೊಳ್ಳುತ್ತದೆ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟರೆ ಒತ್ತಡ ನಿಲ್ಲುವುದಿಲ್ಲ, ಕೂಲೆಂಟ್ ಬೇಗ ಕುದಿದು, ಹೆಚ್ಚಾದ ಕೂಲೆಂಟ್ ಸೇರಲೆಂದು ಇರುವ ಪಕ್ಕದ ಡಬ್ಬಕ್ಕೆ ಉಕ್ಕುತ್ತದೆ. ಕಡಿಮೆ ಬೆಲೆಯ ಈ ಭಾಗವನ್ನು ಬದಲಿಸುವುದು ಬಿಟ್ಟು ರೇಡಿಯೇಟರನ್ನೇ ಬದಲಿಸಿದವರಿದ್ದಾರೆ. ಇಂಜಿನ್ ಬಿಸಿಯಿರುವಾಗ ಮಾತ್ರ ಆ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡ ಬಿಟ್ಟ ಕ್ಷಣವೇ ಒಳಗಿನ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಇದಕ್ಕಿಂತಲೂ ನಮ್ಮ ಸೀಮೆಯಲ್ಲಿ ಹೆಚ್ಚು ಕಾಡುವುದು ನೀರು. ಮಟ್ಟ ಕಡಿಮೆಯಾಗಿದೆ ಎಂದು ನಲ್ಲಿಯ ನೀರನ್ನೋ ಬೋರ್‌ವೆಲ್ ನೀರನ್ನೋ ತುಂಬಿಬಿಡುವ ಅಭ್ಯಾಸ ಬಹಳ ಜನರಿಗಿದೆ. ಪಾವಗಡ, ಶಿರಾ, ಮಧುಗಿರಿ ಕಡೆಯ ಕೊಳವೆಬಾವಿಗಳ ನೀರು ಎಷ್ಟು ಗಡಸು ಎಂಬುದು ನಿಮ್ಮೂರಿನ ಸ್ನಾನದ ಮನೆಯ ಗೀಸರನ್ನು ಬಿಚ್ಚಿದವರಿಗೆಲ್ಲ ಗೊತ್ತು. ಕೋಲಾರ, ಚಿಕ್ಕಬಳ್ಳಾಪುರಗಳ ಕಥೆಯೂ ಅದೇ. ಆ ನೀರಿನಲ್ಲಿರುವ ಸುಣ್ಣದ ಅಂಶ ರೇಡಿಯೇಟರಿನ ಸಣ್ಣ ನಾಳಗಳ ಒಳಗೆ ಪದರವಾಗಿ ಕಟ್ಟುತ್ತದೆ. ಈ ಪದರ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ, ಒಮ್ಮೆ ಕಟ್ಟಿದರೆ ತೆಗೆಯುವುದೂ ಸುಲಭವಲ್ಲ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಹಾಕಬೇಕಾಗಿ ಬಂದರೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರನ್ನು ಹಾಕಿ, ಊರಿಗೆ ಬಂದ ಮೇಲೆ ಪೂರ್ತಿ ಬಸಿದು ಹೊಸ ಕೂಲೆಂಟ್ ತುಂಬಿಸಿ. ತುಂಬಿಸುವಾಗ ಒಳಗೆ ಗಾಳಿ ಉಳಿಯದಂತೆ ಬ್ಲೀಡ್ ಮಾಡಿಸಬೇಕು, ಏಕೆಂದರೆ ಗಾಳಿಯ ಗುಳ್ಳೆ ನಿಂತ ಜಾಗದಲ್ಲಿ ಕೂಲೆಂಟ್ ಹರಿಯುವುದಿಲ್ಲ. ನಿಮ್ಮ ಬೈಕಿನ ಕೈಪಿಡಿಯಲ್ಲಿ ಕೂಲೆಂಟ್ ಬದಲಿಸುವ ಅವಧಿ ಬರೆದಿರುತ್ತದೆ. ಎರಡು ವರ್ಷ ಕಳೆದಿರುವುದರಿಂದ ಹಂಪಿಗೆ ಹೊರಡುವ ಮೊದಲು ಬದಲಿಸಿಬಿಡುವುದೇ ಒಳ್ಳೆಯದು.

ಈಗ ಥರ್ಮೋಸ್ಟಾಟಿನ ವಿಷಯ. ಅದು ಸುಮಾರು 80 ಡಿಗ್ರಿಯ ಹತ್ತಿರ ತೆರೆಯಲು ಆರಂಭಿಸುವ ಒಂದು ಕವಾಟ. ಇಂಜಿನ್ ತಣ್ಣಗಿರುವಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ಇಂಜಿನ್ ಬೇಗ ಹದಕ್ಕೆ ಬರುವಂತೆ ಮಾಡುತ್ತದೆ. ನೀವು ಬಿ.ಎಚ್. ರಸ್ತೆಯಲ್ಲಿ ಸಿಕ್ಕಿಕೊಂಡು ಫ್ಯಾನ್ ಶುರುವಾಗುವ ಹೊತ್ತಿಗೆ ಅದು ಪೂರ್ತಿ ತೆರೆದೇ ಇರುತ್ತದೆ. ಪೂರ್ತಿ ತೆರೆದ ಬಾಗಿಲನ್ನು ಕಿತ್ತುಹಾಕಿದರೆ ಟ್ರಾಫಿಕ್ಕಿನಲ್ಲಿ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಬದಲಿಗೆ ಡಿಸೆಂಬರಿನ ಬೆಳಗ್ಗೆ ಹೆದ್ದಾರಿಯಲ್ಲಿ ಇಂಜಿನ್ ಹದವಾದ ಬಿಸಿಗೆ ಬಾರದೆ, ಇಂಜಿನ್ ಇನ್ನೂ ತಣ್ಣಗಿದೆಯೆಂದು ತಿಳಿದ ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್‌ಗೆ ಪೆಟ್ರೋಲ್ ಸೇರಿ ಅದು ತೆಳುವಾಗುತ್ತದೆ. ಥರ್ಮೋಸ್ಟಾಟ್ ಕೆಟ್ಟು ಅರ್ಧಕ್ಕೇ ಸಿಕ್ಕಿಕೊಂಡಿದ್ದರೆ ಹೊಸದನ್ನು ಹಾಕಿಸಿ, ತೆಗೆಸಿ ಹಾಗೆಯೇ ಬಿಡಬೇಡಿ.

ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗುತ್ತದೆ ಎಂಬುದು ನಿಜ. ಹೊಗೆಯಲ್ಲಿರುವ ವಿಷಾನಿಲಗಳನ್ನು ಅದು ಸುಡಬೇಕಾದರೆ ಮುನ್ನೂರು ಡಿಗ್ರಿಯ ಆಸುಪಾಸನ್ನಾದರೂ ತಲುಪಬೇಕು. ಏಪ್ರಿಲ್ 2020ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಯಾದ ಮೇಲೆ, ಬೇಗ ಬಿಸಿಯಾಗಲೆಂದು ಕಂಪನಿಗಳು ಅದನ್ನು ಇಂಜಿನ್ನಿಗೆ ಹತ್ತಿರ ತಂದು ಇರಿಸುವುದು ಹೆಚ್ಚಾಯಿತು. ಆದರೂ ತೆಗೆಸುವುದನ್ನು ನಾನು ಒಪ್ಪುವುದಿಲ್ಲ. ಅದು ಕಾನೂನಿಗೆ ವಿರುದ್ಧ. ಅದಕ್ಕೂ ಮಿಗಿಲಾಗಿ ಹಿಂದೆ ನಿಂತಿರುವ ಸ್ಕೂಟರಿನ ಮೇಲಿನ ಮಗು ಉಸಿರಾಡುವುದು ನಿಮ್ಮ ಸೈಲೆನ್ಸರಿನಿಂದ ಬಂದದ್ದನ್ನೇ. ತಾಂತ್ರಿಕವಾಗಿಯೂ ಲಾಭ ಕಡಿಮೆ. ಫ್ಯಾನ್ ಓಡುವಾಗಲಷ್ಟೇ ಕಾಲು ಸುಡುತ್ತದೆ ಎಂದರೆ ನಿಮ್ಮನ್ನು ಕಾಡುತ್ತಿರುವುದು ಮುಖ್ಯವಾಗಿ ರೇಡಿಯೇಟರಿನ ಗಾಳಿ, ಕನ್ವರ್ಟರ್ ತೆಗೆದರೂ ಅದು ಹಾಗೆಯೇ ಬರುತ್ತದೆ. ಜೊತೆಗೆ ಸೈಲೆನ್ಸರ್ ಬದಲಿಸಿ ಪೆಟ್ರೋಲ್–ಗಾಳಿಯ ಹದವನ್ನು ಸರಿಹೊಂದಿಸದೆ ಬಿಟ್ಟರೆ ಕೆಲವು ಬೈಕುಗಳಲ್ಲಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಬಿಸಿ ಹೆಚ್ಚಾಗುವುದೂ ಉಂಟು.

ಗೆಳೆಯರು ಹೇಳಿದ ಪಟ್ಟಿಯ ಸಲಹೆಯಲ್ಲಿ ಅರ್ಥವಿದೆ, ಆದರೆ ದಾರಿ ಸರಿಯಿಲ್ಲ. ಗಾಜಿನ ನಾರಿನ ಪಟ್ಟಿ ಪೈಪಿನಿಂದ ಹೊಮ್ಮುವ ಶಾಖವನ್ನು ತಡೆಯುತ್ತದೆ. ಆದರೆ ಮಳೆಯಲ್ಲಿ ನೆನೆದ ಪಟ್ಟಿ ನೀರನ್ನು ಪೈಪಿಗೆ ಅಂಟಿಸಿಟ್ಟುಕೊಂಡು ಒಳಗೇ ತುಕ್ಕು ಹಿಡಿಸುತ್ತದೆ, ಆಯಿಲ್ ಸೋರಿ ಅದರಲ್ಲಿ ಇಂಗಿದರೆ ಬೆಂಕಿಯ ಭಯವಿದೆ. ಅದಕ್ಕಿಂತ ಪೈಪಿನಿಂದ ಬೆರಳಿನ ದಪ್ಪದಷ್ಟು ಅಂತರ ಬಿಟ್ಟು ಅಲ್ಯೂಮಿನಿಯಂ ಅಥವಾ ಸ್ಟೀಲ್ ತಗಡಿನ ರಕ್ಷಾಕವಚ ಕೂರಿಸುವುದು ಮೇಲು. ನಡುವೆ ಹರಿಯುವ ಗಾಳಿಯೇ ಅಲ್ಲಿ ತಡೆಯಾಗಿ ಕೆಲಸ ಮಾಡುತ್ತದೆ.

ನಿಮಗೆ ನಿಜವಾಗಿ ಬೇಕಾದದ್ದು ರೇಡಿಯೇಟರಿನಿಂದ ಬರುವ ಬಿಸಿಗಾಳಿಯ ದಿಕ್ಕನ್ನು ತಿರುಗಿಸುವುದು. ಕೆಲವು ಟೂರಿಂಗ್ ಬೈಕುಗಳಿಗೆ ಅದಕ್ಕೆಂದೇ ಪ್ಲಾಸ್ಟಿಕ್ಕಿನ ಡಿಫ್ಲೆಕ್ಟರುಗಳು ಸಿಗುತ್ತವೆ. ನಿಮ್ಮ ಮಾದರಿಗೆ ಸಿಗದಿದ್ದರೆ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಬಾಗಿಸಿ, ಬಿಸಿಗಾಳಿ ಮೊಣಕಾಲಿನ ಹೊರಕ್ಕೆ ಮತ್ತು ಕೆಳಕ್ಕೆ ಹೋಗುವಂತೆ ಮಾಡಿಸಬಹುದು. ಆದರೆ ಒಂದು ಎಚ್ಚರಿಕೆ: ರೇಡಿಯೇಟರಿಗೆ ಗಾಳಿ ಒಳಗೆ ಬರುವ ದಾರಿ ಎಷ್ಟು ಮುಖ್ಯವೋ ಹೊರಗೆ ಹೋಗುವ ದಾರಿಯೂ ಅಷ್ಟೇ ಮುಖ್ಯ. ಕಾಲಿಗೆ ತಂಪಾಗಲೆಂದು ಹಿಂಭಾಗವನ್ನು ಮುಚ್ಚಿದರೆ ಇಂಜಿನ್ನೇ ಬೇಯುತ್ತದೆ. ಡಿಫ್ಲೆಕ್ಟರ್ ಕೂರಿಸಿದ ಮೇಲೆ ಮೇಲೆ ಹೇಳಿದ ಫ್ಯಾನಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಫ್ಯಾನ್ ಮೊದಲಿಗಿಂತ ಹೆಚ್ಚು ಹೊತ್ತು ತಿರುಗುತ್ತಿದ್ದರೆ ಹಾಳೆಯನ್ನು ಸಡಿಲಿಸಿ. ಹಾಗೆಯೇ ಲೆಗ್ ಗಾರ್ಡಿಗೆ ಕಟ್ಟಿದ ಹೆಚ್ಚುವರಿ ದೀಪಗಳು, ಬ್ಯಾಗುಗಳು ರೇಡಿಯೇಟರಿನ ಮುಂದೆ ಬಂದಿವೆಯೇ ನೋಡಿ. ರೇಡಿಯೇಟರಿನ ರೆಕ್ಕೆಗಳ ನಡುವೆ ಕೆಸರು, ಹುಳುಗಳು ಸೇರಿದ್ದರೆ ಮೃದುವಾದ ಬ್ರಷ್ ಮತ್ತು ನಿಧಾನವಾಗಿ ಬಿಟ್ಟ ನೀರಿನಿಂದ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಆ ತೆಳು ರೆಕ್ಕೆಗಳನ್ನು ಮಡಿಸಿಬಿಡುತ್ತದೆ.

ಬಹಳ ಜನ ಗಮನಿಸದ ಇನ್ನೊಂದು ಸಂಗತಿ ಮುಂದಿನ ವಿಂಡ್‌ಸ್ಕ್ರೀನ್. ಎತ್ತರದ ವಿಂಡ್‌ಸ್ಕ್ರೀನ್ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಇಂಜಿನ್ನಿನ ಬಳಿಯ ಬಿಸಿಗಾಳಿ ಮೇಲಕ್ಕೆ ಎಳೆಯಲ್ಪಟ್ಟು ಹೊಟ್ಟೆ, ಎದೆಗೆ ತಾಗುತ್ತದೆ. ಚಳಿಗಾಲಕ್ಕೆ ಅದು ಹಿತ, ಏಪ್ರಿಲ್‌ಗೆ ಅಲ್ಲ. ಇಳಿಸುವ ಅನುಕೂಲವಿದ್ದರೆ ಇಳಿಸಿಕೊಳ್ಳಿ.

ಇಂಜಿನ್ ಆಯಿಲ್ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಕೈಪಿಡಿಯಲ್ಲಿರುವ ಗ್ರೇಡನ್ನೇ ಹಾಕಿಸಿ, ಡಬ್ಬದ ಮೇಲೆ ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಎಂಬ ಗುರುತಾದ ಜಾಸೋ (JASO) ಎಂಎ ಅಥವಾ ಎಂಎ2 ಎಂದು ಇರಲಿ. ದಪ್ಪ ಆಯಿಲ್ ಹಾಕಿದರೆ ತಂಪಾಗುತ್ತದೆ ಎಂಬುದು ತಪ್ಪು ನಂಬಿಕೆ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಿ ಬಿಸಿ ಹೆಚ್ಚಬಹುದು.

ಓಡಿಸುವ ಕ್ರಮದಲ್ಲಿಯೂ ಬಿಸಿ ಇದೆ. ಸಿಗ್ನಲ್ಲಿನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕೆಂದು ತಿಳಿದಾಗ ಇಂಜಿನ್ ಆರಿಸಿ. ದೇವರಾಯನದುರ್ಗವನ್ನು ಇಬ್ಬರು ಏರುವಾಗ ಮೇಲಿನ ಗೇರಿನಲ್ಲಿ ಇಂಜಿನ್ನನ್ನು ಎಳೆಸಬೇಡಿ, ಒಂದು ಗೇರ್ ಇಳಿಸಿ ಸಲೀಸಾಗಿ ತಿರುಗಲು ಬಿಡಿ. ಅರ್ಧ ಕ್ಲಚ್ ಹಿಡಿದು ತೆವಳುವುದರಿಂದ ಕ್ಲಚ್ ಪ್ಲೇಟ್ ಮತ್ತು ಆಯಿಲ್ ಎರಡೂ ಕಾಯುತ್ತವೆ. ಜೋರಾಗಿ ಏರಿ ಬಂದ ತಕ್ಷಣ ಆರಿಸುವ ಬದಲು ಕೊನೆಯ ಒಂದು ಕಿಲೋಮೀಟರನ್ನು ನಿಧಾನವಾಗಿ ಓಡಿಸಿ ನಿಲ್ಲಿಸಿದರೆ, ಆರಿಸಿದ ಮೇಲೆ ಸಿಲಿಂಡರ್ ಹೆಡ್ಡಿನಲ್ಲಿ ಏರುವ ಬಿಸಿ ಕಡಿಮೆಯಾಗುತ್ತದೆ. ಪೆಟ್ರೋಲನ್ನು ಟ್ಯಾಂಕಿನ ಬಾಯಿಯವರೆಗೆ ತುಂಬಿಸಬೇಡಿ. ನೆಲದಡಿಯ ತೊಟ್ಟಿಯಿಂದ ಬಂದ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ನೂರಕ್ಕೆ ಎರಡರಷ್ಟು ಹಿಗ್ಗುತ್ತದೆ, ಅಂದರೆ 15 ಲೀಟರಿಗೆ ಸುಮಾರು 300 ಮಿಲಿಲೀಟರ್.

ಸವಾರನ ದೇಹದ ಮಾತಿಗೆ ಬರೋಣ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಹೊಸಪೇಟೆ, ಹಂಪಿ 500 ಮೀಟರಿಗಿಂತ ಕೆಳಗಿವೆ. ಬಿಸಿಲೇರುತ್ತಾ ಹೋದಂತೆ ನೀವು ಇನ್ನೂ ಬಿಸಿಯಾದ ನಾಡಿಗೆ ಇಳಿಯುತ್ತಾ ಹೋಗುತ್ತೀರಿ. ನಮ್ಮ ಚರ್ಮದ ಉಷ್ಣ 33ರಿಂದ 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ ಮೈಗೆ ಬಡಿಯುವ ಗಾಳಿ ದೇಹಕ್ಕೆ ಶಾಖ ಕೊಡುತ್ತದೆಯೇ ಹೊರತು ತೆಗೆದುಕೊಳ್ಳುವುದಿಲ್ಲ. ಆಗ ನಮ್ಮನ್ನು ತಂಪಾಗಿಡುವುದು ಬೆವರು ಆರುವ ಕ್ರಿಯೆಯೊಂದೇ. ಆದ್ದರಿಂದ ಜಾಕೆಟ್ ಬಿಚ್ಚಿ ಟೀ ಶರ್ಟಿನಲ್ಲಿ ಓಡಿಸುವುದು ತಂಪಿನ ದಾರಿಯಲ್ಲ, ಬಿದ್ದರೆ ಆಗುವ ಗಾಯ ಬೇರೆ. ಜಾಲರಿಯಿರುವ ಮೆಶ್ ಜಾಕೆಟ್ಟಿನ ಒಳಗೆ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಬನಿಯನ್ ತೊಟ್ಟುಕೊಳ್ಳಿ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿ. ಬಯಲುಸೀಮೆಯ ಒಣಗಾಳಿಯಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಒಣಗಿದಾಗಲೆಲ್ಲ ಮತ್ತೆ ಒದ್ದೆ ಮಾಡಬೇಕು. (ಮಂಗಳೂರಿನ ಕಡೆ ಹೋಗುವಾಗ ಇದನ್ನು ನೆಚ್ಚಿಕೊಳ್ಳಬೇಡಿ, ಅಲ್ಲಿಯ ತೇವದ ಗಾಳಿಯಲ್ಲಿ ನೀರು ಆರುವುದೇ ಇಲ್ಲ.) ಕಾಲಿಗೆ ಮೊಣಕಾಲಿನವರೆಗಿನ ಹತ್ತಿಯ ಕಾಲುಚೀಲ, ಕಣಕಾಲು ಮುಚ್ಚುವ ಬೂಟು, ದಪ್ಪ ಬಟ್ಟೆಯ ಪ್ಯಾಂಟು ಇರಲಿ. ತೆಳು ನೈಲಾನ್ ಪ್ಯಾಂಟು ಪೈಪಿಗೆ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ನೀರಿನ ಜೊತೆಗೆ ಉಪ್ಪೂ ಬೇಕು. ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ ಆ ಕೊರತೆಯನ್ನು ತುಂಬುತ್ತದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಉಪ್ಪು, ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು.

ನಿಮ್ಮ ಮನೆಯವರ ವಿಷಯವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ಪರಿಗಣಿಸುತ್ತೇನೆ. ಬಹಳ ಕಾಲದಿಂದ ಸಕ್ಕರೆ ಕಾಯಿಲೆಯಿರುವವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು. ಹಿಂಬದಿ ಸವಾರರ ಬಲಪಾದ ಸೈಲೆನ್ಸರಿಗೆ ಹತ್ತಿರವಿರುತ್ತದೆ. 44 ಡಿಗ್ರಿ ದಾಟಿದ ವಸ್ತು ಬಹಳ ಹೊತ್ತು ತಾಗಿದರೂ ಸಾಕು, ಚರ್ಮ ಸುಡುತ್ತದೆ. ಅವರಿಗೆ ಅದು ತಿಳಿಯದೆಯೇ ಗುಳ್ಳೆ ಏಳಬಹುದು, ಅಂಥ ಗಾಯ ಬೇಗ ಮಾಯುವುದಿಲ್ಲ. ಚಪ್ಪಲಿ ಬೇಡ, ದಪ್ಪ ಅಟ್ಟೆಯ ಶೂ ಹಾಕಿಸಿ. ಪ್ರತಿ ನಿಲುಗಡೆಯಲ್ಲಿ ಶೂ ಬಿಚ್ಚಿಸಿ ಪಾದವನ್ನು ಕಣ್ಣಿನಿಂದ ನೋಡಿ, ಬಿಸಿ ಎನಿಸುತ್ತಿದೆಯೇ ಎಂದು ಕೇಳಿದರೆ ಸಾಲದು. ಇನ್ಸುಲಿನ್ನನ್ನು ಸೀಟಿನ ಕೆಳಗಾಗಲೀ ಸೈಲೆನ್ಸರ್ ಪಕ್ಕದ ಸ್ಯಾಡಲ್ ಬ್ಯಾಗಿನಲ್ಲಾಗಲೀ ಟ್ಯಾಂಕ್ ಬ್ಯಾಗಿನಲ್ಲಾಗಲೀ ಇಡಬೇಡಿ. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿ ಮೀರಬಾರದು, ಮೀರಿದರೆ ಅದರ ಶಕ್ತಿ ಕುಂದುತ್ತದೆ, ಆದರೆ ಅದು ನೋಡಿದರೆ ತಿಳಿಯುವುದಿಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ತಂಪಿನ ಚೀಲದಲ್ಲಿಟ್ಟು ಅವರ ಬೆನ್ನಿನ ಚೀಲದಲ್ಲಿ ಇರಿಸಿ, ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ.

ದಾರಿ ಸುಮಾರು 280 ಕಿ.ಮೀ. ಬೆಳಗ್ಗೆ ಐದಕ್ಕೆ ಹೊರಟು, ಶಿರಾ, ಹಿರಿಯೂರು ದಾಟಿ ಚಿತ್ರದುರ್ಗದಲ್ಲಿ ತಿಂಡಿ ಮುಗಿಸಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೊಸಪೇಟೆಯತ್ತ ತಿರುಗಿದರೆ ಹನ್ನೊಂದರೊಳಗೆ ಕೊಠಡಿ ಸೇರಬಹುದು. ತಡವಾದರೆ ಹನ್ನೊಂದೂವರೆಯಿಂದ ಮೂರೂವರೆಯವರೆಗೆ ನೆರಳಿನಲ್ಲಿ ಉಳಿಯಿರಿ. ಟೈರಿನ ಗಾಳಿಯನ್ನು ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ಇಬ್ಬರ ಭಾರಕ್ಕೆ ಹೇಳಿದ ಒತ್ತಡಕ್ಕೆ ಹೊಂದಿಸಿ. ದಾರಿಯಲ್ಲಿ ಬಿಸಿಯಾಗಿ ಹೆಚ್ಚಿದ ಗಾಳಿಯನ್ನು ಬಿಡಬೇಡಿ. ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಅಲ್ಲಿಯೇ ನಿಲ್ಲಿಸಿ ಮೈಗೆ ನೀರು ಹಾಕಿ, ಅವರ ಸಕ್ಕರೆಯನ್ನು ಕೂಡಲೇ ಪರೀಕ್ಷಿಸಿ, ಏಕೆಂದರೆ ಸಕ್ಕರೆ ಕಡಿಮೆಯಾದಾಗಿನ ಲಕ್ಷಣಗಳೂ ಇವನ್ನೇ ಹೋಲುತ್ತವೆ. ಮಾತು ತೊದಲಿದರೆ ಅಥವಾ ಗೊಂದಲ ಕಂಡರೆ 108ಕ್ಕೆ ಕರೆ ಮಾಡಿ.

ಹೊರಡುವ ಒಂದು ವಾರ ಮೊದಲು ಒಂದು ಸಂಗತಿಯನ್ನು ಖಚಿತಪಡಿಸಿಕೊಳ್ಳಿ. ಬೈಕ್ ತಣ್ಣಗಿರುವಾಗ ಪಕ್ಕದ ಡಬ್ಬದಲ್ಲಿ ಕೂಲೆಂಟಿನ ಮಟ್ಟಕ್ಕೆ ಗುರುತು ಹಾಕಿ, ವಾರವಿಡೀ ಓಡಿಸಿ ಮತ್ತೆ ತಣ್ಣಗಿರುವಾಗ ನೋಡಿ. ಎಲ್ಲಿಯೂ ಸೋರಿಕೆ ಕಾಣದೆ ಮಟ್ಟ ಇಳಿದಿದ್ದರೆ, ಅಥವಾ ಇಂಜಿನ್ ಓಡುವಾಗ ಆ ಡಬ್ಬದಲ್ಲಿ ಗುಳ್ಳೆಗಳು ಏಳುತ್ತಿದ್ದರೆ, ಸಿಲಿಂಡರ್ ಮತ್ತು ಅದರ ಹೆಡ್ಡಿನ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಸೋತಿರುವ ಸಾಧ್ಯತೆಯಿದೆ. ಆಗ ಪ್ರೆಶರ್ ಟೆಸ್ಟ್ ಮಾಡಿಸಿ ಸರಿಪಡಿಸುವವರೆಗೆ ಪ್ರಯಾಣವನ್ನು ಮುಂದೂಡಿ.